ಲೇಡನ್ ಜಾಡಿಯಿಂದ ಅಟ್ಲಾಂಟಿಕ್ ತಂತಿಯವರೆಗೆ: ಧಾರಕದೊಳಗಿನ ರೋಧದ ಕಥೆ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಕಾಲದ ಒಂದು ಸಣ್ಣ ಘಟನೆ ನಿವೃತ್ತಿಯ ಅನಂತರವೂ ನನ್ನನ್ನು ಬಿಟ್ಟಿಲ್ಲ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಹತ್ತನೆಯ ತರಗತಿಯ ಹುಡುಗನೊಬ್ಬ ಒಂದು ಪ್ರಯೋಗವನ್ನು ಸಿದ್ಧಪಡಿಸಿದ್ದ. ಊರಿನ ರೇಡಿಯೋ ರಿಪೇರಿ ಅಂಗಡಿಯವರು ಹಳೆಯ ಸಾಮಾನಿನ ಡಬ್ಬಿಯಿಂದ ತೆಗೆದುಕೊಟ್ಟ 1,000 ಮೈಕ್ರೋಫ್ಯಾರಡ್‌ನ ಒಂದು ಕಂಡೆನ್ಸರ್, 100 ಕಿಲೋ ಓಮಿನ ಒಂದು ರೋಧಕ, 9 ವೋಲ್ಟಿನ ಬ್ಯಾಟರಿ, ಒಂದು ಮೀಟರು, ಒಂದು ಕೈಗಡಿಯಾರ, ಇಷ್ಟೇ ಅವನ ಸಲಕರಣೆ. ಕಂಡೆನ್ಸರನ್ನು ಬ್ಯಾಟರಿಯಿಂದ ತುಂಬಿಸಿ, ಅನಂತರ ರೋಧಕದ ಮೂಲಕ ಬರಿದಾಗಲು ಬಿಟ್ಟು, ಆಗಾಗ ಮೀಟರನ್ನು ಕ್ಷಣಮಾತ್ರ ಮುಟ್ಟಿಸಿ, 9 ವೋಲ್ಟು 3.3 ವೋಲ್ಟಿಗೆ ಇಳಿಯಲು ಎಷ್ಟು ಹೊತ್ತು ಬೇಕೆಂದು ಅವನು ಅಳೆಯುತ್ತಿದ್ದ. ರೋಧವನ್ನೂ ಧಾರಕತೆಯನ್ನೂ ಗುಣಿಸಿದರೆ ಬರುವ ಕಾಲ 100 ಸೆಕೆಂಡು. ಅವನಿಗೆ ಬಂದದ್ದು 74. ಮತ್ತೆ ಅಳೆದ, 75. ಇನ್ನೊಮ್ಮೆ ಅಳೆದ, 73.

"ಸಾರ್, ಲೆಕ್ಕ ಸರಿಯಾಗೇ ಇದೆ. ಗಡಿಯಾರ ಮಾತ್ರ ಒಪ್ತಾ ಇಲ್ಲ" ಎಂದು ಅವನು ನನ್ನ ಬಳಿಗೆ ಬಂದ. ಪರೀಕ್ಷಕರು ಬರುವ ಹೊತ್ತಾಗಿತ್ತು. ನನಗೂ ಉತ್ತರ ಹೊಳೆಯಲಿಲ್ಲ. "ಎಲ್ಲೋ ಕೈತಪ್ಪಾಗಿದೆ ಕಣಪ್ಪ. ಚಾರ್ಟಿನ ಮೇಲೆ 98 ಅಂತ ಬರಿ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಹಾಗೆಯೇ ಬರೆದ. ಆ ಪ್ರಯೋಗಕ್ಕೆ ಬಹುಮಾನವೂ ಬಂತು.

ತಪ್ಪಿದ್ದುದು ಹುಡುಗನ ಕೈಯಲ್ಲಲ್ಲ, ನನ್ನ ತಿಳಿವಳಿಕೆಯಲ್ಲಿ. ನಮ್ಮ ಸೂತ್ರವು ಧಾರಕವನ್ನು, ಎಂದರೆ ಕಂಡೆನ್ಸರನ್ನು, ಪರಿಪೂರ್ಣವಾದ ಪಾತ್ರೆ ಎಂದು ಭಾವಿಸಿಕೊಂಡಿತ್ತು. ಲೋಕದಲ್ಲಿ ಅಂತಹ ಪಾತ್ರೆ ಇಲ್ಲ. ನಮ್ಮ ಮನೆಗಳ ಮಣ್ಣಿನ ಹೂಜಿಯನ್ನೇ ನೋಡಿ. ಅದರ ಕತ್ತು ಕಿರಿದು. ಎಷ್ಟೇ ಅವಸರದಿಂದ ಸುರಿದರೂ ನೀರು ತನ್ನ ಹೊತ್ತನ್ನು ತೆಗೆದುಕೊಂಡೇ ಒಳಗಿಳಿಯುತ್ತದೆ. ಅದರ ಮೈ ಜಿನುಗುವಂಥದು. ಯಾರೂ ಕುಡಿಯದಿದ್ದರೂ ಬೆಳಗಾಗುವಷ್ಟರಲ್ಲಿ ನೀರಿನ ಮಟ್ಟ ಇಳಿದಿರುತ್ತದೆ. ಧಾರಕಕ್ಕೂ ಹೀಗೆಯೇ ಎರಡು ಬಗೆಯ ಒಳರೋಧಗಳಿವೆ. ಒಂದು, ಅದರ ಫಲಕಗಳಲ್ಲಿ ಮತ್ತು ತಂತಿಗಳಲ್ಲಿ ಇರುವ, ಸರಣಿಯಲ್ಲಿ ನಿಂತು ಪ್ರವಾಹವನ್ನು ತಡೆಯುವ ರೋಧ. ಇದು ಹೂಜಿಯ ಕತ್ತು. ಇನ್ನೊಂದು, ಫಲಕಗಳ ನಡುವಿನ ಅವಾಹಕ ಪದರದ ರೋಧ. ಇದು ಹೂಜಿಯ ಮೈ. ಮೊದಲನೆಯದು ಸೊನ್ನೆಯಾಗಿರಬೇಕು, ಎರಡನೆಯದು ಅನಂತವಾಗಿರಬೇಕು ಎಂಬುದು ಆದರ್ಶ. ಈ ಆದರ್ಶವನ್ನು ವಾಸ್ತವವೆಂದು ನಂಬಿ ನಾನೊಬ್ಬನೇ ಎಡವಿದೆನೆಂದುಕೊಂಡಿದ್ದೆ. ಆದರೆ ನನಗಿಂತ ಬಹಳ ಹಿಂದೆ ಸುಮಾರು 2,000 ಮೈಲಿ ಉದ್ದದ ಧಾರಕವೊಂದನ್ನು ಸಮುದ್ರದ ತಳದಲ್ಲಿ ಹಾಸಿ, ಅದು ಧಾರಕವೆಂಬುದನ್ನೇ ಮರೆತು ಎಡವಿದವರ ಕಥೆಯನ್ನು ಓದಿದ ಮೇಲೆ ಆ 74 ಸೆಕೆಂಡುಗಳ ಅರ್ಥ ನನಗೆ ಸ್ಪಷ್ಟವಾಯಿತು. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಧಾರಕದ ಚರಿತ್ರೆ ಒಂದು ಸೀಸೆಯಿಂದ ಆರಂಭವಾಗುತ್ತದೆ. 1745ರ ಅಕ್ಟೋಬರಿನಲ್ಲಿ ಪೊಮೆರೇನಿಯದ ಕಾಮಿನ್ ಎಂಬಲ್ಲಿ ಕ್ರೈಸ್ತ ಧರ್ಮಾಧಿಕಾರಿಯಾಗಿದ್ದ ಎವಾಲ್ಡ್ ಫಾನ್ ಕ್ಲೈಸ್ಟ್ ಎಂಬಾತ ಔಷಧದ ಸೀಸೆಯೊಳಗೆ ಮೊಳೆಯೊಂದನ್ನು ಇಳಿಬಿಟ್ಟು, ಘರ್ಷಣ ಯಂತ್ರದಿಂದ ಅದಕ್ಕೆ ವಿದ್ಯುತ್ತನ್ನು ಊಡಿಸಿದ. ಸೀಸೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಮೊಳೆಯನ್ನು ಮುಟ್ಟಿದಾಗ ಬಲವಾದ ಆಘಾತ ತಗುಲಿತು. ಹಾಲೆಂಡಿನ ಲೇಡನ್ ನಗರದಲ್ಲಿ ಪೀಟರ್ ಫಾನ್ ಮುಶೆನ್‌ಬ್ರೂಕ್ ಎಂಬ ಪ್ರಾಧ್ಯಾಪಕ ಇದನ್ನೇ ಸ್ವತಂತ್ರವಾಗಿ ಕಂಡುಕೊಂಡು, 1746ರ ಜನವರಿಯಲ್ಲಿ ಪ್ಯಾರಿಸಿನ ವಿಜ್ಞಾನಿ ರೆಯೋಮರ್‌ಗೆ ಪತ್ರ ಬರೆದ. ಫ್ರಾನ್ಸಿನ ರಾಜ್ಯವನ್ನೇ ಕೊಟ್ಟರೂ ಆ ಪೆಟ್ಟನ್ನು ಮತ್ತೊಮ್ಮೆ ತಿನ್ನಲಾರೆ ಎಂಬ ಅರ್ಥದ ಮಾತು ಆ ಪತ್ರದಲ್ಲಿತ್ತು. ಅಲ್ಲಿಂದ ಅದಕ್ಕೆ ಲೇಡನ್ ಜಾಡಿ ಎಂಬ ಹೆಸರು ನಿಂತಿತು. ಗಾಜಿನ ಒಳಗೊಂದು ವಾಹಕ, ಹೊರಗೊಂದು ವಾಹಕ, ನಡುವೆ ಗಾಜು. ಇಂದಿನ ಎಲ್ಲ ಕಂಡೆನ್ಸರುಗಳ ಮೂಲಪುರುಷ ಇದೇ.

ಫ್ರೆಂಚ್ ದೊರೆಯ ಸಮ್ಮುಖದಲ್ಲಿ ಆಬೆ ನೊಲೆ ಎಂಬ ಪಾದ್ರಿ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯನ್ನು ಅವರ ಮೂಲಕ ಬರಿದುಮಾಡಿದಾಗ ಎಲ್ಲರೂ ಒಟ್ಟಿಗೇ ಹಾರಿಬಿದ್ದರಂತೆ. ಒಬ್ಬನಾದ ಮೇಲೆ ಒಬ್ಬನಲ್ಲ, ಎಲ್ಲರೂ ಒಂದೇ ಕ್ಷಣದಲ್ಲಿ. ಲಂಡನ್ನಿನಲ್ಲಿ ವಿಲಿಯಂ ವಾಟ್ಸನ್ 1747ರಲ್ಲಿ ಥೇಮ್ಸ್ ನದಿಯ ಅಗಲಕ್ಕೂ ತಂತಿ ಎಳೆದು, ಮರುವರ್ಷ ಎರಡು ಮೈಲಿಗೂ ಮೀರಿದ ತಂತಿಯ ಮೇಲೆ ಪರೀಕ್ಷಿಸಿ, ವಿದ್ಯುತ್ತು ಸಾಗಲು ಅಳೆಯುವಷ್ಟು ಕಾಲವೇ ಹಿಡಿಯುವುದಿಲ್ಲ ಎಂದು ತೀರ್ಮಾನಿಸಿದ. ವಿದ್ಯುತ್ತಿಗೂ ಕಾಲಕ್ಕೂ ಸಂಬಂಧವಿಲ್ಲವೆಂಬ ನಂಬಿಕೆ ಹೀಗೆ ಬೇರೂರಿತು. ಮುಂದೆ 1837ರಲ್ಲಿ ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ ತಂತಿ ಸಮಾಚಾರದ ಉಪಕರಣವನ್ನು ರೂಪಿಸಿದಾಗಲೂ, 1844ರಲ್ಲಿ ಅಮೆರಿಕದ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಕಳುಹಿಸಿದಾಗಲೂ ಈ ನಂಬಿಕೆಗೆ ಧಕ್ಕೆ ಬರಲಿಲ್ಲ. ಕಂಬಗಳ ಮೇಲೆ ಗಾಳಿಯಲ್ಲಿ ತೂಗುವ ತಂತಿಯಲ್ಲಿ ಈ ಕೀಲಿ ಒತ್ತಿದೊಡನೆ ಆ ಮುಳ್ಳು ಅಲುಗುತ್ತಿತ್ತು.

ತೊಂದರೆ ಕಾಣಿಸಿಕೊಂಡದ್ದು ತಂತಿಯು ನೀರಿಗಿಳಿದ ಮೇಲೆ. ಮಲಯ ದೇಶದ ಮರಗಳ ಹಾಲಿನಿಂದ ಸಿದ್ಧವಾಗುವ ಗಟ್ಟಾಪರ್ಚಾ ಎಂಬ ರಬ್ಬರಿನಂತಹ ವಸ್ತುವನ್ನು ತಾಮ್ರದ ತಂತಿಗೆ ಹೊದಿಸಿದರೆ ನೀರು ಒಳಹೋಗದೆಂದು ತಿಳಿದುಬಂತು. 1851ರಲ್ಲಿ ಡೋವರ್ ಮತ್ತು ಕ್ಯಾಲೆ ನಗರಗಳ ನಡುವೆ ಕಡಲಿನೊಳಗೆ ತಂತಿ ಹಾಸಿದ್ದಾಯಿತು. ಉದ್ದ ಹೆಚ್ಚಿದಂತೆ ಒಂದು ವಿಚಿತ್ರ ಕಂಡುಬಂತು. ಒಂದು ತುದಿಯಲ್ಲಿ ಚುರುಕಾಗಿ ಒತ್ತಿದ ಸಂಜ್ಞೆ ಇನ್ನೊಂದು ತುದಿಯಲ್ಲಿ ತಡವಾಗಿ, ಮಂದವಾಗಿ, ಉದ್ದಕ್ಕೆ ಚಾಚಿಕೊಂಡು ಹೊರಬೀಳುತ್ತಿತ್ತು. ಬೇಗ ಬೇಗ ಕಳುಹಿಸಿದರೆ ಒಂದು ಸಂಜ್ಞೆಯ ಬಾಲ ಮುಗಿಯುವ ಮುನ್ನವೇ ಇನ್ನೊಂದರ ತಲೆ ಬಂದು, ಎರಡೂ ಕಲಸಿಹೋಗುತ್ತಿದ್ದವು. ಲ್ಯಾಟಿಮರ್ ಕ್ಲಾರ್ಕ್ ಎಂಬ ತಂತಿ ಎಂಜಿನಿಯರ್ ಇದನ್ನು ಗಮನಿಸಿ ಮೈಕೆಲ್ ಫ್ಯಾರಡೆಯ ಮುಂದಿಟ್ಟ. ನೀರಿನಲ್ಲಿ ಮುಳುಗಿಸಿದ 100 ಮೈಲಿ ತಂತಿಯ ಮೇಲೆ ಪ್ರಯೋಗ ನಡೆಸಿದ ಫ್ಯಾರಡೆ 1854ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅದರ ಮರ್ಮವನ್ನು ಬಿಡಿಸಿ ಹೇಳಿದ: ಇದು ತಂತಿಯಲ್ಲ, ಉದ್ದನೆಯ ಲೇಡನ್ ಜಾಡಿ. ಒಳಗಿನ ತಾಮ್ರವೇ ಒಳಫಲಕ, ಹೊರಗಿನ ನೀರೇ ಹೊರಫಲಕ, ನಡುವಿನ ಗಟ್ಟಾಪರ್ಚಾವೇ ಗಾಜು. ಸಂದೇಶ ಆಚೆ ದಡ ಮುಟ್ಟುವ ಮುನ್ನ ಈ ಜಾಡಿ ತುಂಬಬೇಕು.

ಫ್ಯಾರಡೆ ಕಣ್ಣಿಂದ ಕಂಡದ್ದನ್ನು ಗಣಿತಕ್ಕೆ ತಂದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. 22ನೆಯ ವಯಸ್ಸಿಗೇ ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಈತ 1854ರಲ್ಲಿ ಗಣಿತಜ್ಞ ಸ್ಟೋಕ್ಸ್‌ಗೆ ಬರೆದ ಪತ್ರಗಳಲ್ಲಿ ಇದನ್ನು ವಿವರಿಸಿ 1855ರಲ್ಲಿ ಪ್ರಕಟಿಸಿದ. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಕುಲುಮೆಯಲ್ಲಿಟ್ಟರೆ ಶಾಖವು ಇನ್ನೊಂದು ತುದಿಗೆ ಹೇಗೆ ನಿಧಾನವಾಗಿ ಹಬ್ಬುವುದೋ, ವಿದ್ಯುತ್ತೂ ಸಮುದ್ರತಂತಿಯಲ್ಲಿ ಹಾಗೆಯೇ ಹಬ್ಬುತ್ತದೆ. ಶಾಖದ ವಿಷಯದಲ್ಲಿ ಫೂರಿಯೆ ಬರೆದ ಸಮೀಕರಣವೇ ಇಲ್ಲಿಯೂ ಅನ್ವಯಿಸುತ್ತದೆ ಎಂಬುದು ಅವನ ಕಾಣ್ಕೆ.

ನಮ್ಮ ಹಳ್ಳಿಯವರಿಗೆ ಇದನ್ನು ಕೆರೆಯ ಕಾಲುವೆಯಿಂದ ಹೇಳಿದರೆ ಇನ್ನೂ ಸುಲಭ. ತೂಬು ಎತ್ತಿದೊಡನೆ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ಒಣಗಿದ ಕಾಲುವೆ ಮಾರುಮಾರಿಗೂ ತನ್ನ ಪಾಲಿನ ನೀರನ್ನು ತುಂಬಿಕೊಂಡೇ ಮುಂದಕ್ಕೆ ಬಿಡುತ್ತದೆ. ಕಾಲುವೆ ಕಿರಿದಾದಷ್ಟೂ ತಡ, ಹೊಟ್ಟೆ ದೊಡ್ಡದಾದಷ್ಟೂ ತಡ. ಕೊನೆಯ ಗದ್ದೆಯಲ್ಲಿ ಮೊದಲು ತೇವ, ಆಮೇಲೆ ಎಳೆ, ಆಮೇಲೆ ಧಾರೆ. ತೂಬು ಮುಚ್ಚಿದ ಮೇಲೂ ಬಹಳ ಹೊತ್ತು ನೀರು ಹರಿಯುತ್ತಲೇ ಇರುತ್ತದೆ. ತಂತಿಯಲ್ಲಿ ಕಿರಿದುತನವೆಂದರೆ ತಾಮ್ರದ ರೋಧ, ಹೊಟ್ಟೆಯೆಂದರೆ ಧಾರಕತೆ. ತಂತಿಯ ಉದ್ದ ಎರಡರಷ್ಟಾದರೆ ರೋಧವೂ ಎರಡರಷ್ಟಾಗುತ್ತದೆ, ಧಾರಕತೆಯೂ ಎರಡರಷ್ಟಾಗುತ್ತದೆ; ಎರಡರ ಗುಣಲಬ್ಧವಾದ ವಿಳಂಬವು ನಾಲ್ಕರಷ್ಟಾಗುತ್ತದೆ. ಉದ್ದ ಹತ್ತರಷ್ಟಾದರೆ ವಿಳಂಬ ನೂರರಷ್ಟು. ಇದಕ್ಕೆ ವರ್ಗ ನಿಯಮವೆಂದು ಹೆಸರಾಯಿತು. ನನ್ನ ವಿದ್ಯಾರ್ಥಿ ಚಾರ್ಟಿನ ಮೇಲೆ ಬರೆದಿದ್ದ, ರೋಧವನ್ನು ಧಾರಕತೆಯಿಂದ ಗುಣಿಸುವ ಆ ಪುಟ್ಟ ಸೂತ್ರಕ್ಕೂ ಇದಕ್ಕೂ ತಿರುಳು ಒಂದೇ. ಒಂದೇ ವ್ಯತ್ಯಾಸವೆಂದರೆ, ಅವನ ರೋಧಕ ಕಂಡೆನ್ಸರಿನ ಹೊರಗಿತ್ತು. ಇಲ್ಲಿ ಅದು ಧಾರಕದ ಫಲಕದಲ್ಲಿಯೇ ಉದ್ದಕ್ಕೂ ಹರಡಿಕೊಂಡಿತ್ತು.

ಆ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸುವ ಸಾಹಸಕ್ಕೆ ಅಮೆರಿಕದ ಉದ್ಯಮಿ ಸೈರಸ್ ಫೀಲ್ಡ್ ಕೈಹಾಕಿದ್ದ. 1856ರಲ್ಲಿ ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿ ಸ್ಥಾಪನೆಯಾಯಿತು. ಅದರ ವಿದ್ಯುತ್ ತಜ್ಞನಾಗಿ ನಿಯಮಿತನಾದವನು ವೈಲ್ಡ್‌ಮನ್ ವೈಟ್‌ಹೌಸ್. ವೃತ್ತಿಯಿಂದ ಬ್ರೈಟನ್ನಿನ ಶಸ್ತ್ರವೈದ್ಯ. ವಿದ್ಯುತ್ತನ್ನು ಸ್ವಂತ ಶ್ರಮದಿಂದ ಕಲಿತವನು. ಇವನನ್ನು ಮೂಢನೆಂದು ಭಾವಿಸಬಾರದು. ತನ್ನ ಕೈಯಿಂದಲೇ ಸಾವಿರಾರು ಅಳತೆಗಳನ್ನು ಮಾಡಿದ್ದ ಶ್ರಮಜೀವಿ ಅವನು. 1856ರಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಅವನು ಎದ್ದು ನಿಂತು, ತನ್ನ ಪ್ರಯೋಗಗಳಲ್ಲಿ ವರ್ಗ ನಿಯಮ ಕಾಣಿಸಲಿಲ್ಲವೆಂದೂ, ಅದು ಬರಿಯ ಪಾಠಶಾಲೆಯ ಕಲ್ಪನೆಯೆಂದೂ ಸಾರಿದ. ಥಾಮ್ಸನ್ ಪತ್ರಿಕೆಗಳ ಮೂಲಕ ಸೌಜನ್ಯದಿಂದಲೇ ಉತ್ತರಿಸಿದ.

ಈ ವಾದ ಬರಿಯ ಪಂಡಿತರ ಕಲಹವಾಗಿರಲಿಲ್ಲ. ಅದರ ಹಿಂದೆ ಹಣದ ಲೆಕ್ಕವಿತ್ತು. ಥಾಮ್ಸನ್ ಹೇಳಿದ್ದು ನಿಜವಾದರೆ ಒಳಗಿನ ತಾಮ್ರ ದಪ್ಪವಾಗಿರಬೇಕು, ಅದರ ರೋಧ ಕಡಿಮೆಯಾಗಬೇಕು. ಹೊದಿಕೆಯೂ ದಪ್ಪವಾಗಿರಬೇಕು, ಧಾರಕತೆ ಕಡಿಮೆಯಾಗಬೇಕು. ಅಷ್ಟು ತಾಮ್ರ ಮತ್ತು ಗಟ್ಟಾಪರ್ಚಾಗಳ ಬೆಲೆ ಬಹಳ. ವೈಟ್‌ಹೌಸ್ ಹೇಳಿದ್ದು ನಿಜವಾದರೆ ತೆಳುವಾದ ತಂತಿಯೇ ಸಾಕು. ಕಂಪನಿಗೆ ಯಾವುದು ಹಿತವೆನಿಸಿತೆಂದು ಹೇಳಬೇಕಾಗಿಲ್ಲ. ಒಂದು ನಾಟಿಕಲ್ ಮೈಲಿಗೆ ಕೇವಲ 107 ಪೌಂಡ್ ತಾಮ್ರವಿರುವ ತಂತಿ ಸಿದ್ಧವಾಯಿತು. ಕಂಪನಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದ ಥಾಮ್ಸನ್ ಅದರ ತುಣುಕುಗಳನ್ನು ಪರೀಕ್ಷಿಸಿ, ನೋಡಲು ಒಂದೇ ಬಗೆಯಾಗಿದ್ದರೂ ತಾಮ್ರದ ಶುದ್ಧತೆಗೆ ತಕ್ಕಂತೆ ರೋಧದಲ್ಲಿ ದೊಡ್ಡ ಅಂತರವಿರುವುದನ್ನು 1857ರಲ್ಲಿ ಕಂಡುಹಿಡಿದ. ಆದರೆ ಆ ವೇಳೆಗೆ ಬಹುಭಾಗ ತಂತಿ ತಯಾರಾಗಿಹೋಗಿತ್ತು.

1857ರ ಪ್ರಯತ್ನದಲ್ಲಿ ತಂತಿ ತುಂಡಾಗಿ ಕಡಲಪಾಲಾಯಿತು. ಉಳಿದದ್ದನ್ನು ಬಯಲಿನಲ್ಲಿ ರಾಶಿ ಹಾಕಿದ್ದರಿಂದ ಬಿಸಿಲಿಗೆ ಗಟ್ಟಾಪರ್ಚಾ ಮೆತ್ತಗಾಗಿ, ಅಲ್ಲಲ್ಲಿ ತಾಮ್ರವು ನಡುವಿನಿಂದ ಪಕ್ಕಕ್ಕೆ ಸರಿದಿತ್ತು. 1858ರಲ್ಲಿ ಅಗಮೆಮ್ನಾನ್ ಮತ್ತು ನಯಾಗರ ಎಂಬ ಎರಡು ಹಡಗುಗಳು ನಡುಗಡಲಿನಲ್ಲಿ ಸಂಧಿಸಿ, ತಂತಿಯ ತುದಿಗಳನ್ನು ಬೆಸೆದು, ಒಂದು ಪೂರ್ವಕ್ಕೂ ಒಂದು ಪಶ್ಚಿಮಕ್ಕೂ ಹೊರಟು, ಹಲವು ವೈಫಲ್ಯಗಳ ಅನಂತರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯವನ್ನೂ ನ್ಯೂಫೌಂಡ್‌ಲ್ಯಾಂಡಿನ ಟ್ರಿನಿಟಿ ಕೊಲ್ಲಿಯನ್ನೂ ಜೋಡಿಸಿದವು. ಎರಡು ಖಂಡಗಳಲ್ಲಿಯೂ ಉತ್ಸವವೋ ಉತ್ಸವ. ನ್ಯೂಯಾರ್ಕಿನಲ್ಲಿ ಪಟಾಕಿ ಬಾಣಬಿರುಸುಗಳ ಕಿಡಿಗೆ ನಗರಸಭೆಯ ಕಟ್ಟಡಕ್ಕೇ ಬೆಂಕಿ ತಗುಲಿತು. ಮಿಕ್ಕ ತಂತಿಯ ತುಂಡುಗಳನ್ನು ಆಭರಣದಂಗಡಿಯವರು ನೆನಪಿನ ಕಾಣಿಕೆಯಾಗಿ ಮಾರಿದರು.

ಆಗಸ್ಟ್ 16ರಂದು ವಿಕ್ಟೋರಿಯ ರಾಣಿಯ ಸಂದೇಶ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಹೊರಟಿತು. ಅದರಲ್ಲಿದ್ದುದು 98 ಪದಗಳು. ಅದು ದಾಟಲು ಹಿಡಿದ ಕಾಲ 16 ಗಂಟೆ. ಗಂಟೆಗೆ ಸುಮಾರು ಆರು ಪದ! ನಮ್ಮ ಒಂದನೆಯ ತರಗತಿಯ ಮಕ್ಕಳು ಸ್ಲೇಟಿನ ಮೇಲೆ ಅದಕ್ಕಿಂತ ಬೇಗ ಬರೆಯುತ್ತಾರೆ. ತೆಳು ತಾಮ್ರದ ರೋಧವು ಜನರ ಕಣ್ಣಿಗೆ ಕಾಣದೆ ತನ್ನ ಸುಂಕವನ್ನು ವಸೂಲಿ ಮಾಡುತ್ತಿತ್ತು.

ಇಲ್ಲಿ ಇಬ್ಬರ ದಾರಿಗಳೂ ಬೇರೆಯಾದವು. ಸಂಜ್ಞೆ ಬಲಹೀನವಾಗಿದೆ, ಆದ್ದರಿಂದ ಹಿಂದಿನಿಂದ ಬಲವಾಗಿ ನೂಕಬೇಕೆಂಬುದು ವೈಟ್‌ಹೌಸನ ಮತ. ಐದು ಅಡಿ ಉದ್ದದ ಪ್ರೇರಣ ಸುರುಳಿಗಳಿಂದ ಸುಮಾರು 2,000 ವೋಲ್ಟುಗಳನ್ನು ಅವನು ತಂತಿಗೆ ಹರಿಸಿದ. ತೂಬಿನ ಬಳಿ ನೀರಿನ ಒತ್ತಡ ಹೆಚ್ಚಿಸಿದರೆ ಕೊನೆಗೆ ಬರುವ ನೀರು ಹೆಚ್ಚಾದೀತು. ಆದರೆ ಏರುವ ಇಳಿಯುವ ಗತಿ ಬದಲಾಗದು. ಹಿಂದಿನ ಸಂಜ್ಞೆಯ ಬಾಲವೂ ಅದೇ ಪ್ರಮಾಣದಲ್ಲಿ ದೊಡ್ಡದಾಗಿ, ಗೊಂದಲ ಹಾಗೆಯೇ ಉಳಿಯುತ್ತದೆ. ಬದಲಾಗುವುದು ಕಾಲುವೆಯ ಏರಿಯ ಮೇಲೆ ಬೀಳುವ ಭಾರ ಮಾತ್ರ. ಥಾಮ್ಸನ್ ಆರಿಸಿಕೊಂಡದ್ದು ಇದಕ್ಕೆ ತದ್ವಿರುದ್ಧವಾದ ಮಾರ್ಗ. ಕಳುಹಿಸುವವನು ಮೆಲ್ಲಗೆ ಕಳುಹಿಸಲಿ, ಕೇಳುವವನ ಕಿವಿ ಸೂಕ್ಷ್ಮವಾಗಲಿ ಎಂದು ಯೋಚಿಸಿ ಅವನು ಕನ್ನಡಿ ಗ್ಯಾಲ್ವನೋಮಾಪಕವನ್ನು ನಿರ್ಮಿಸಿದ. ರೇಷ್ಮೆಯ ಎಳೆಯೊಂದಕ್ಕೆ ಪುಟ್ಟ ಕನ್ನಡಿ, ಅದರ ಬೆನ್ನಿಗೆ ಸಣ್ಣ ಅಯಸ್ಕಾಂತದ ಚೂರುಗಳು; ದೀಪದ ಬೆಳಕು ಕನ್ನಡಿಗೆ ಬಿದ್ದು ದೂರದ ಅಳತೆಪಟ್ಟಿಯ ಮೇಲೆ ಚುಕ್ಕಿಯಾಗಿ ಮೂಡುತ್ತದೆ. ತಂತಿಯಲ್ಲಿ ಪ್ರವಾಹದ ಮೊದಲ ತೇವ ಬಂದೊಡನೆಯೇ ಚುಕ್ಕಿ ಅಲುಗುತ್ತದೆ. ಜಾಡಿ ಪೂರ್ತಿ ತುಂಬುವವರೆಗೆ ಕಾಯಬೇಕಾಗಿಲ್ಲ. ಬಂದ ಸಂದೇಶಗಳನ್ನು ವ್ಯಾಲೆನ್ಷಿಯದಲ್ಲಿ ಓದಿದ್ದು ಈ ಕನ್ನಡಿಯ ನೆರವಿನಿಂದಲೇ ಎಂಬುದು ಅನಂತರ ಬಯಲಾಯಿತು.

ಆದರೆ ಆ ತಂತಿಗೆ ಆಯುಸ್ಸು ಉಳಿದಿರಲಿಲ್ಲ. ಮೊದಲೇ ದುರ್ಬಲವಾಗಿದ್ದ ಹೊದಿಕೆ ಹೆಚ್ಚು ವೋಲ್ಟೇಜಿಗೆ ಮತ್ತಷ್ಟು ಬಿರಿದು, ವಿದ್ಯುತ್ತು ಸಮುದ್ರಕ್ಕೆ ಸೋರತೊಡಗಿತು. ಸೆಪ್ಟೆಂಬರ್ ಆರಂಭದ ಹೊತ್ತಿಗೆ ತಂತಿ ಮೂಕವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂದೇಶಗಳೆಲ್ಲ ಕಟ್ಟುಕಥೆ, ತಂತಿ ಎಂದೂ ಕೆಲಸ ಮಾಡಿರಲೇ ಇಲ್ಲ ಎಂದು ಆಡಿಕೊಂಡವರೂ ಉಂಟು.

ಈ ಮೂರು ನಾಲ್ಕು ವಾರಗಳ ಬಾಳಿನಲ್ಲಿ ಆ ತಂತಿ ಮಾಡಿದ ಒಂದು ಕೆಲಸ ನಮ್ಮ ದೇಶಕ್ಕೆ ಸಂಬಂಧಿಸಿದ್ದು. 1857ರ ಮೇ ತಿಂಗಳಿನಲ್ಲಿ ಮೀರತ್ತಿನಲ್ಲಿ ಸಿಪಾಯಿಗಳು ಬಂಡೆದ್ದ ಸುದ್ದಿ ಲಂಡನ್ನನ್ನು ಮುಟ್ಟಲು ಸುಮಾರು ಒಂದೂವರೆ ತಿಂಗಳು ಹಿಡಿದಿತ್ತು. ಇಲ್ಲಿನ ಹೋರಾಟವನ್ನು ಹತ್ತಿಕ್ಕಲೆಂದು ಕೆನಡಾದಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವ ಆಜ್ಞೆ ಹೋಗಿತ್ತು. 1858ರ ಆಗಸ್ಟ್ ಕೊನೆಯಲ್ಲಿ, ಇನ್ನು ಅವುಗಳ ಅಗತ್ಯವಿಲ್ಲವೆಂಬ ಮರು ಆಜ್ಞೆ ಈ ತಂತಿಯ ಮೂಲಕವೇ ದಾಟಿತು. ಅದರಿಂದ ಸರ್ಕಾರಕ್ಕೆ ಉಳಿದ ಹಣ ಸುಮಾರು 50,000 ಪೌಂಡ್ ಎಂದು ಲೆಕ್ಕ ಹಾಕಿದರು. ಸಾಯುತ್ತಿದ್ದ ತಂತಿಯ ಕೊನೆಯ ಉಸಿರುಗಳಲ್ಲಿ ನಮ್ಮ ಜನರ ಸೋಲಿನ ಸುದ್ದಿಯೂ ಅಡಗಿತ್ತೆಂಬುದನ್ನು ಓದಿದಾಗ ನನಗೆ ಒಂದು ಬಗೆಯ ಮೌನ ಆವರಿಸಿತು. ವಿಜ್ಞಾನದ ಚರಿತ್ರೆಯನ್ನು ಓದುವಾಗ ತಂತಿ ಯಾರ ಕೈಯಲ್ಲಿತ್ತೆಂಬುದನ್ನೂ ಮರೆಯಬಾರದು. ಭಾರತವನ್ನು ಹತೋಟಿಯಲ್ಲಿಡುವ ಆತುರದಿಂದಲೇ 1859ರಲ್ಲಿ ಕೆಂಪು ಸಮುದ್ರದ ಮಾರ್ಗವಾಗಿ ಕರಾಚಿಯ ಕಡೆಗೆ ಹಾಸತೊಡಗಿದ ತಂತಿ 1860ರಲ್ಲಿಯೇ ನಿಷ್ಕ್ರಿಯವಾಯಿತು.

ಇಷ್ಟೆಲ್ಲ ಹಣ ಕಡಲಪಾಲಾದ ಮೇಲೆ ಬ್ರಿಟಿಷ್ ಸರ್ಕಾರವೂ ಕಂಪನಿಯೂ ಸೇರಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿದವು. ಅದರ ವರದಿ 1861ರಲ್ಲಿ ಹೊರಬಂತು. ಕಂಪನಿ ಆಗಲೇ ವೈಟ್‌ಹೌಸನನ್ನು ಕೆಲಸದಿಂದ ತೆಗೆದುಹಾಕಿ ದೋಷವನ್ನೆಲ್ಲ ಅವನ ತಲೆಗೆ ಕಟ್ಟಿತ್ತು. ಇಂದು ಚರಿತ್ರಕಾರರು ಅಷ್ಟು ಸರಳವಾಗಿ ತೀರ್ಪು ಕೊಡುವುದಿಲ್ಲ. ಅವಸರದ ತಯಾರಿಕೆ, ಬಿಸಿಲಿನಲ್ಲಿ ಒಣಗಿದ ಹೊದಿಕೆ, ಹಲವು ಸಲ ಇಳಿಸಿ ಎತ್ತಿದ ಪೆಟ್ಟುಗಳಿಂದ ಆ ತಂತಿ ಹೇಗೂ ಬಹುಕಾಲ ಬಾಳುತ್ತಿರಲಿಲ್ಲ; ಹೆಚ್ಚು ವೋಲ್ಟೇಜು ಅದರ ಸಾವನ್ನು ಹತ್ತಿರಕ್ಕೆ ತಂದಿತು, ಅಷ್ಟೇ. ವೈಟ್‌ಹೌಸನ ನಿಜವಾದ ತಪ್ಪು ವೋಲ್ಟೇಜಿನದಲ್ಲವೆಂದು ನನಗೆ ತೋರುತ್ತದೆ. ತನ್ನ ಅಳತೆಗಳಿಗೆ ಅರ್ಥ ಕೊಡಬಲ್ಲ ಸಿದ್ಧಾಂತವನ್ನು ಪಾಠಶಾಲೆಯ ಕಲ್ಪನೆಯೆಂದು ತಳ್ಳಿಹಾಕಿದ್ದು ಅವನ ತಪ್ಪು. ನನ್ನ ತಪ್ಪು ಅದರ ಕನ್ನಡಿಯ ಬಿಂಬ: ಪಾಠಶಾಲೆಯ ಸೂತ್ರಕ್ಕಾಗಿ ಕಣ್ಣೆದುರಿನ ಅಳತೆಯನ್ನು ತಳ್ಳಿಹಾಕಿದವನು ನಾನು. ಥಾಮ್ಸನ್ ಎರಡನ್ನೂ ಬಿಡಲಿಲ್ಲ.

ಸೋಲಿನಿಂದ ಆದ ದೊಡ್ಡ ಲಾಭವೆಂದರೆ ಅಳತೆಯ ಶಿಸ್ತು. ಅದುವರೆಗೆ ರೋಧಕ್ಕೆ ಎಲ್ಲರೂ ಒಪ್ಪಿದ ಮಾನವೇ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಉದ್ದದ ತಂತಿ. 1861ರಲ್ಲಿ ಕ್ಲಾರ್ಕ್ ಮತ್ತು ಚಾರ್ಲ್ಸ್ ಬ್ರೈಟ್ ವಿದ್ಯುತ್ತಿನ ಮಾನಗಳಿಗೆ ವಿಜ್ಞಾನಿಗಳ ಹೆಸರಿಡಬೇಕೆಂದು ಸೂಚಿಸಿದರು. ಅದೇ ವರ್ಷ ಬ್ರಿಟಿಷ್ ಅಸೋಸಿಯೇಷನ್ ಈ ಮಾನಗಳನ್ನು ನಿಷ್ಕರ್ಷಿಸಲು ಒಂದು ಸಮಿತಿಯನ್ನು ರಚಿಸಿತು. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಓಮ್, ವೋಲ್ಟ್, ಫ್ಯಾರಡ್ ಎಂಬ ಹೆಸರುಗಳ ಹಿಂದೆ ಸಮುದ್ರದ ತಳದಲ್ಲಿ ಸತ್ತುಬಿದ್ದ ತಂತಿಗಳ ಪಾಠವಿದೆ.

1866ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಆ ಕಾಲದ ಅತಿ ದೊಡ್ಡ ಹಡಗು ಹೊಸ ತಂತಿಯನ್ನು ಹಾಸಿತು. ಈ ಸಲ ಒಂದು ನಾಟಿಕಲ್ ಮೈಲಿಗೆ 300 ಪೌಂಡ್ ಶುದ್ಧ ತಾಮ್ರ, 400 ಪೌಂಡ್ ಗಟ್ಟಾಪರ್ಚಾ. ಥಾಮ್ಸನ್ ಹತ್ತು ವರ್ಷಗಳ ಹಿಂದೆ ಹೇಳಿದ್ದುದು ಕೊನೆಗೂ ಆಚರಣೆಗೆ ಬಂತು. ವೇಗ ನಿಮಿಷಕ್ಕೆ ಸುಮಾರು ಎಂಟು ಪದಗಳಿಗೆ ಏರಿತು. ರಾಣಿಯ ಆ 98 ಪದಗಳು ಈಗ ಹದಿನೈದು ನಿಮಿಷದೊಳಗೆ ದಾಟಬಹುದಿತ್ತು. ಹಿಂದಿನ ವರ್ಷ ಕಡಲಿನಲ್ಲಿ ಕಳೆದುಹೋಗಿದ್ದ ತಂತಿಯನ್ನೂ ಮೇಲೆತ್ತಿ ಪೂರ್ತಿಗೊಳಿಸಿದರು. ಆಗ ಲ್ಯಾಟಿಮರ್ ಕ್ಲಾರ್ಕ್ ಒಂದು ಸೊಗಸಾದ ಪ್ರಯೋಗ ಮಾಡಿದ. ಎರಡು ತಂತಿಗಳನ್ನೂ ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಂದಕ್ಕೊಂದು ಜೋಡಿಸಿ, ವ್ಯಾಲೆನ್ಷಿಯದಲ್ಲಿ ಹೊಲಿಗೆಯವರು ಬೆರಳಿಗೆ ತೊಡುವ ಬೆಳ್ಳಿಯ ಅಂಗುಸ್ತಾನದೊಳಗೆ ಕೆಲವು ತೊಟ್ಟು ಆಮ್ಲವನ್ನೂ ಸತುವಿನ ಚೂರನ್ನೂ ಇಟ್ಟು ಬ್ಯಾಟರಿ ಮಾಡಿದ. ಅಷ್ಟರಿಂದಲೇ ಸಂಜ್ಞೆ ಸಾಗರವನ್ನು ಎರಡು ಸಲ ದಾಟಿಬಂದು ಕನ್ನಡಿಯ ಚುಕ್ಕಿಯನ್ನು ಅಲುಗಿಸಿತು. 2,000 ವೋಲ್ಟಿನಿಂದ ಆಗದ ಕೆಲಸ ಅಂಗುಸ್ತಾನದಿಂದ ಆಯಿತು. ಇದೇ ಗ್ರೇಟ್ ಈಸ್ಟರ್ನ್ 1870ರಲ್ಲಿ ಮುಂಬಯಿ ಮತ್ತು ಏಡನ್ ನಡುವೆ ತಂತಿ ಹಾಸಿದ ಮೇಲೆ ಭಾರತವೂ ಸಮುದ್ರತಂತಿಯ ಜಾಲಕ್ಕೆ ಸೇರಿತು.

ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದೇ ಸಮುದ್ರತಂತಿಯಲ್ಲಿ ಏಕಕಾಲಕ್ಕೆ ಎರಡೂ ದಿಕ್ಕಿಗೆ ಸಂದೇಶ ಕಳುಹಿಸಬೇಕಾದರೆ ಅದರ ಪ್ರತಿರೂಪವಾದ ಕೃತಕ ತಂತಿಯೊಂದು ದಡದ ಕೋಣೆಯಲ್ಲಿ ಇರಬೇಕು. 1875ರ ಸುಮಾರಿಗೆ ಮ್ಯೂರ್‌ಹೆಡ್ ಮತ್ತು ಟೇಲರ್ ತವರದ ತೆಳುಹಾಳೆಯನ್ನು ಅಂಕುಡೊಂಕಾದ ಉದ್ದನೆಯ ಪಟ್ಟಿಯಾಗಿ ಕತ್ತರಿಸಿ, ಮೇಣ ಸವರಿದ ಕಾಗದವನ್ನು ನಡುವಿಟ್ಟು, ಫಲಕದಲ್ಲಿಯೇ ರೋಧ ತುಂಬಿರುವ ಧಾರಕಗಳನ್ನು ಬೇಕೆಂದೇ ತಯಾರಿಸಿದರು. ಶತ್ರುವೆಂದು ಬಗೆದಿದ್ದ ಒಳರೋಧವನ್ನು ಅಳತೆಗೆ ಒಳಪಡಿಸಿದ ಮೇಲೆ ಅದು ಆಳಾಗಿ ದುಡಿಯಿತು.

ಕಂಡೆನ್ಸರಿನ ರೂಪ ಮುಂದೆ ಬದಲಾಯಿತು. 1896ರಲ್ಲಿ ಚಾರ್ಲ್ಸ್ ಪೊಲಾಕ್ ಅಲ್ಯುಮಿನಿಯಮ್ಮಿನ ಮೇಲೆ ಕಟ್ಟುವ ಅತಿ ತೆಳುವಾದ ಆಕ್ಸೈಡ್ ಪೊರೆಯನ್ನೇ ಅವಾಹಕವಾಗಿ ಬಳಸಿ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿಗೆ ಪೇಟೆಂಟ್ ಪಡೆದ. ಪೊರೆ ತೆಳುವಾದ್ದರಿಂದ ಸಣ್ಣ ಡಬ್ಬಿಯಲ್ಲಿ ದೊಡ್ಡ ಧಾರಕತೆ. ಆದರೆ ಇಲ್ಲಿ ಎರಡನೆಯ ಫಲಕದ ಕೆಲಸ ಮಾಡುವುದು ಒಂದು ದ್ರಾವಣ. ದ್ರಾವಣ ಒಣಗಿದರೆ ಸರಣಿರೋಧ ಏರುತ್ತದೆ. ಪೊರೆ ಸವೆದರೆ ಸೋರಿಕೆ ಹೆಚ್ಚುತ್ತದೆ. ಅಟ್ಲಾಂಟಿಕ್ ತಂತಿಯ ಎರಡು ರೋಗಗಳೂ ಹೀಗೆ ಬೆರಳುದ್ದದ ಡಬ್ಬಿಯೊಳಗೆ ಬಂದು ಕುಳಿತವು.

1999ರಿಂದ 2007ರವರೆಗಿನ ವರ್ಷಗಳಲ್ಲಿ ಜಗತ್ತಿನ ಅಸಂಖ್ಯಾತ ಕಂಪ್ಯೂಟರುಗಳು ಅಕಾಲ ಮರಣಕ್ಕೆ ತುತ್ತಾದುದು ಇದರಿಂದಲೇ. ಒಳರೋಧ ಕಡಿಮೆಯಿರಲೆಂದು ನೀರಿನಂಶ ಹೆಚ್ಚಾಗಿದ್ದ ದ್ರಾವಣ ಬಳಸಿದ ಕಂಡೆನ್ಸರುಗಳಲ್ಲಿ, ರಕ್ಷಕ ರಾಸಾಯನಿಕ ಸರಿಯಿಲ್ಲದ ಕಾರಣ ನೀರು ಅಲ್ಯುಮಿನಿಯಮ್ಮಿನೊಡನೆ ವರ್ತಿಸಿ ಜಲಜನಕ ಹುಟ್ಟಿ ಡಬ್ಬಿಗಳು ಉಬ್ಬಿದವು. ಪ್ರೊಸೆಸರ್ ಕ್ಷಣಕ್ಷಣಕ್ಕೂ ಬೇಡುವ ಪ್ರವಾಹವನ್ನು ಕಂಡೆನ್ಸರ್ ತಕ್ಷಣ ಒದಗಿಸಬೇಕು. ಒಳರೋಧ ಏರಿದಾಗ ಹೂಜಿಯ ಕತ್ತು ಬಿಗಿದಂತಾಗಿ ವೋಲ್ಟೇಜು ಕುಗ್ಗಿ ಹಿಗ್ಗಿ, ಯಂತ್ರ ಕಾರಣವಿಲ್ಲದೆ ನಿಂತುಹೋಗುತ್ತದೆ. ನಮ್ಮ ಮನೆಯ ಕಂಪ್ಯೂಟರ್ ಹೀಗೆ ಕೈಕೊಟ್ಟಾಗ ರಿಪೇರಿಗೆ ಬಂದ ತರುಣ ಉಬ್ಬಿದ ತಲೆಯ ನಾಲ್ಕು ಕಂಡೆನ್ಸರುಗಳನ್ನು ತೋರಿಸಿ, "ಇವು ಚೆನ್ನಾಗಿರೋ ಹಾಗೇ ಕಾಣುತ್ವೆ ಸಾರ್, ಒಳಗಡೆ ರೆಸಿಸ್ಟೆನ್ಸ್ ಜಾಸ್ತಿ ಆಗಿರುತ್ತೆ" ಎಂದ. ಆಗಲೇ ನನಗೆ ಹಳೆಯ ವಸ್ತುಪ್ರದರ್ಶನ ನೆನಪಾದದ್ದು.

ವರ್ಷಗಟ್ಟಲೆ ಬಳಸದೆ ಡಬ್ಬಿಯಲ್ಲಿ ಬಿದ್ದಿದ್ದ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಆಕ್ಸೈಡ್ ಪೊರೆ ದುರ್ಬಲವಾಗುತ್ತದೆ, ಸೋರಿಕೆ ಹೆಚ್ಚುತ್ತದೆ. ಒಣಗಿದಂತೆ ಅದರ ಧಾರಕತೆಯೂ ಕುಗ್ಗಬಹುದು. ಬರಿಯ ಸೋರಿಕೆಯೇ ಕಾರಣವೆಂದಿಟ್ಟುಕೊಂಡರೂ ಲೆಕ್ಕ ಹೊಂದುತ್ತದೆ. ಹುಡುಗನ 100 ಕಿಲೋ ಓಮಿಗೆ ಸಮಾಂತರವಾಗಿ ಕಂಡೆನ್ಸರಿನ ಒಳಗೇ ಸುಮಾರು 285 ಕಿಲೋ ಓಮಿನ ಗುಪ್ತ ಮಾರ್ಗವೊಂದಿದ್ದರೆ ಒಟ್ಟು ರೋಧ 74 ಕಿಲೋ ಓಮಾಗುತ್ತದೆ, ಕಾಲ 74 ಸೆಕೆಂಡಾಗುತ್ತದೆ. ಅವನು ಮೂರು ಸಲ ಅಳೆದು ಮೂರು ಸಲವೂ ಹೆಚ್ಚುಕಡಿಮೆ ಒಂದೇ ಉತ್ತರ ಪಡೆದಿದ್ದನಲ್ಲ, ಅದು ಕೈತಪ್ಪಿನ ಲಕ್ಷಣವಲ್ಲ. ಕಂಡೆನ್ಸರು ತನ್ನ ಒಳಗಿನ ಸ್ಥಿತಿಯನ್ನು ಅವನಿಗೆ ಸ್ಪಷ್ಟವಾಗಿ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿ 98 ಎಂದು ಬರೆಯಿಸಿದೆ.

ಆ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು; ಅವನಿಗೂ ನಡುವಯಸ್ಸು ದಾಟಿರಬೇಕು. ಈ ಬರಹ ಎಂದಾದರೂ ಅವನ ಕಣ್ಣಿಗೆ ಬಿದ್ದರೆ, ಅವನ 74 ಸರಿಯಾಗಿತ್ತೆಂಬುದನ್ನು ಅವನ ಮೇಷ್ಟರು ತಡವಾಗಿಯಾದರೂ ಒಪ್ಪಿಕೊಂಡಿದ್ದಾರೆಂದು ತಿಳಿದುಕೊಳ್ಳಲಿ. ಇಂದು ತರಗತಿಗಳಲ್ಲಿರುವ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ: ಮಗುವಿನ ಅಳತೆ ಪುಸ್ತಕಕ್ಕೆ ಹೊಂದದಿದ್ದರೆ ಅದನ್ನು ಅಳಿಸುವ ಮುನ್ನ ಇನ್ನೊಮ್ಮೆ ಅಳೆಯಲು ಹೇಳಿ. ಮತ್ತೆ ಅದೇ ಉತ್ತರ ಬಂದರೆ, ಚಾರ್ಟಿನ ಮೇಲೆ ಅದನ್ನೇ ಬರೆಯಿಸಿ.